ಅರ್ಧಾಯು ಲೆಕ್ಕ: ಎರಡು ಸಲ ಅರ್ಧ ಆದರೆ ಖಾಲಿ ಆಗಬೇಕಲ್ವಾ?

ಬಿಎಸ್ಸಿ ಓದ್ತಿದ್ದೇನೆ. ವಿಕಿರಣಶೀಲ ವಸ್ತುಗಳ ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಸಮಯ) ಲೆಕ್ಕ ತಲೆಗೇ ಹತ್ತುತ್ತಿಲ್ಲ. ಅಯೋಡಿನ್-131ರ ಅರ್ಧಾಯು 8 ದಿನ ಅಂದ್ರೆ 16 ದಿನಕ್ಕೆ ಪೂರ್ತಿ ಖಾಲಿ ಆಗಬೇಕಲ್ವಾ? 20 ದಿನಕ್ಕೆ ಎಷ್ಟು ಉಳಿಯುತ್ತೆ ಅಂತ ಬೇರೆ ಕೇಳಿದ್ದಾರೆ. ಸೂತ್ರ ಪುಸ್ತಕದಲ್ಲಿದೆ. ದಿನಾ ಈ ಲೆಕ್ಕ ಮಾಡುವವರು ನಿಮ್ಮ ದಾರಿ ಹೇಳಿ.

ಉತ್ತರ 1
ನಾನು ಕಾಲೇಜಲ್ಲಿ ಪಾಠ ಮಾಡ್ತೀನಿ. ಮೊದಲಿದ್ದುದರ ಅರ್ಧ ಅಲ್ಲಪ್ಪಾ, ಆಗ ಎಷ್ಟು ಉಳಿದಿದೆಯೋ ಅದರ ಅರ್ಧ. 100 ಇದ್ದರೆ 8 ದಿನಕ್ಕೆ 50, 16ಕ್ಕೆ 25, 24ಕ್ಕೆ 12.5. ಪರಮಾಣುವಿಗೆ ವಯಸ್ಸಾಗೋದಿಲ್ಲ. ಎಂಟು ದಿನ ಉಳಿದುಕೊಂಡ ಪರಮಾಣು ಮುಂದಿನ ಎಂಟು ದಿನ ಉಳಿಯುವ ಸಾಧ್ಯತೆಯೂ ಅಷ್ಟೇ, ಅರ್ಧಕ್ಕರ್ಧ.

ಇನ್ನು 20 ದಿನ. ಮೊದಲು ಎಷ್ಟು ಅರ್ಧಾಯು ಕಳೆದಿದೆ ನೋಡು: 20 ಭಾಗಿಸು 8, ಅಂದ್ರೆ 2.5. ಇಲ್ಲಿ 25ಕ್ಕೂ 12.5ಕ್ಕೂ ನಡುವೆ ಅಂತ ಸುಮ್ನೆ 18.75 ಬರೆದು ಮಾರ್ಕ್ಸ್ ಕಳೆದುಕೊಳ್ಳುವವರೇ ಜಾಸ್ತಿ. ಮೊದಮೊದಲು ಬೇಗ ಇಳಿದು ಆಮೇಲೆ ನಿಧಾನ ಆಗುತ್ತೆ, ಹಾಗಾಗಿ ಸರಿ ಉತ್ತರ ಅದಕ್ಕಿಂತ ಕಡಿಮೆ. ಕ್ಯಾಲ್ಕುಲೇಟರಲ್ಲಿ 0.5ರ ಘಾತ 2.5 ಒತ್ತು, 0.177 ಬರುತ್ತೆ. ಕ್ಯಾಲ್ಕುಲೇಟರ್ ಇಲ್ವಾ? ಆ ಕೊನೆಯ ಅರೆ ಪಾಲಿಗೆ 0.707ರಿಂದ (0.5ರ ವರ್ಗಮೂಲ) ಗುಣಿಸು. 25 × 0.707, ಸುಮಾರು 17.7. ಮತ್ತೆ, ‘ಉಳಿದದ್ದು’ ಕೇಳಿದ್ದಾರಾ ‘ಕ್ಷಯಿಸಿದ್ದು’ ಕೇಳಿದ್ದಾರಾ ಎರಡು ಸಲ ಓದು.

ಉತ್ತರ 2
ನಾನಿರೋದು ಪೆಟ್ ಸ್ಕ್ಯಾನ್ ವಿಭಾಗದಲ್ಲಿ, ವಿಕಿರಣಶೀಲ ಔಷಧ ಕೊಟ್ಟು ದೇಹದೊಳಗಿನ ಚಿತ್ರ ತೆಗೀತೀವಿ. ನಮಗೆ ಈ ಲೆಕ್ಕ ಉಲ್ಟಾ. ಆ ಔಷಧದಲ್ಲಿರೋ ಫ್ಲೋರಿನ್-18ರ ಅರ್ಧಾಯು 110 ನಿಮಿಷ. ಸೈಕ್ಲೋಟ್ರಾನ್ (ಇದನ್ನು ತಯಾರಿಸುವ ಯಂತ್ರ) ಇಲ್ಲದ ಊರಿಗೆ ಔಷಧ ಗಾಡಿಯಲ್ಲೇ ಬರಬೇಕು. ಬೆಳಿಗ್ಗೆ 11:40ಕ್ಕೆ ರೋಗಿಗೆ 10 ಮಿಲಿಕ್ಯೂರಿ (ವಿಕಿರಣಶೀಲತೆಯ ಅಳತೆ) ಬೇಕು, ಗಾಡಿ ಹೊರಡೋದು 8ಕ್ಕೆ ಅಂದ್ರೆ 220 ನಿಮಿಷ, ಎರಡು ಅರ್ಧಾಯು. ಹಾಗಾಗಿ 8 ಗಂಟೆಗೆ 40 ತುಂಬಿಸಿರಬೇಕು. ರೋಗಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಒಂದೂವರೆಗೆ ಬಂದರೋ, ಸೀಸದ ಡಬ್ಬಿಯಲ್ಲಿರೋದು ಐದೇ. ಗಂಟೆ, ನಿಮಿಷ ಬೆರೆಸಬೇಡಿ, ಎರಡನ್ನೂ ನಿಮಿಷಕ್ಕೇ ತನ್ನಿ.

ಉತ್ತರ 3
ನಮ್ಮ ಅಮ್ಮನಿಗೆ ಥೈರಾಯ್ಡ್ ಆಪರೇಷನ್ ಆದ ಮೇಲೆ ಇದೇ ಅಯೋಡಿನ್-131 ಕೊಟ್ಟಿದ್ದರು. ಎಂಟು ದಿನಕ್ಕೆ ಅರ್ಧ ಅಂದ್ರೆ ಅಷ್ಟು ದಿನ ಬೇರೆ ರೂಮಾ ಅಂತ ಹೆದರಿದ್ವಿ. ಮೂತ್ರದಲ್ಲೂ ಹೋಗುತ್ತೆ, ಹಾಗಾಗಿ ದೇಹದೊಳಗೆ ಅದಕ್ಕಿಂತ ಬೇಗ ಇಳಿಯುತ್ತೆ ಅಂತ ಡಾಕ್ಟರ್ ಹೇಳಿದರು. ಪುಸ್ತಕದ 8 ದಿನ ಬರೀ ಪರಮಾಣುವಿನದು.

ಮತ್ತೆ ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು: ಗ್ರಾಂನಲ್ಲಿ ಕೇಳಿದರೆ ತೂಕವೂ ಅರ್ಧ ಆಗುತ್ತಾ?

ಉತ್ತರ 4
ಇಲ್ಲ. ನಮ್ಮಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಕೋಬಾಲ್ಟ್-60 ಮೆಷಿನ್ ಇತ್ತು. ಅರ್ಧಾಯು 5.27 ವರ್ಷ, ತಿಂಗಳಿಗೆ ಸುಮಾರು ಶೇಕಡಾ 1 ಇಳಿಯುತ್ತೆ ಅಂತ ಟೈಮಿಂಗ್ ಚಾರ್ಟ್ ತಿದ್ದುತ್ತಿದ್ವಿ. ಒಂದು ಅರ್ಧಾಯು ಕಳೆದರೆ ಅರ್ಧ ಕೋಬಾಲ್ಟ್ ನಿಕಲ್ ಆಗಿ ಅಲ್ಲೇ ಕೂತಿರುತ್ತೆ, ತಕ್ಕಡಿಗೆ ಹಾಕಿದರೆ ವ್ಯತ್ಯಾಸ ಕಾಣಲ್ಲ. ಲೆಕ್ಕದಲ್ಲಿ ಕೇಳೋದು ಕೋಬಾಲ್ಟ್ ಎಷ್ಟು ಗ್ರಾಂ ಉಳಿದಿದೆ ಅಂತ ಮಾತ್ರ. ರೋಗಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತೆ, 2 ನಿಮಿಷ ಮಲಗಬೇಕಿದ್ದ ಕಡೆ 4 ನಿಮಿಷ.