ಎಣಿಕೆ ಆರು, ಆದರೆ ಎಷ್ಟು ಕಟ್ಟಿನಲ್ಲಿ?

ಭಾವ: (ಫಾರ್ವರ್ಡ್ ಆಗಿದೆ) ಕ್ಯಾಸಿನೋದ ಎಲೆ ಆಟ ಬ್ಲ್ಯಾಕ್‌ಜಾಕ್ ಗೆಲ್ಲುವ ಗುಟ್ಟು! 2ರಿಂದ 6ರವರೆಗಿನ ಎಲೆ ಬಿದ್ದರೆ ಒಂದು ಕೂಡಿಸಿ. 10, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆಯಿರಿ. 7, 8, 9 ಬಿಟ್ಟುಬಿಡಿ. ಎಣಿಕೆ 6 ಆದ ಕೂಡಲೇ ಹಣ ಜಾಸ್ತಿ ಹಾಕಿ. ಎಷ್ಟು ಕಟ್ಟು ಎಲೆ ಇದ್ದರೂ ಗೆಲುವು ಖಚಿತ!!

ಭಾವ: ಎಲ್ಲಾ ಬರೀ ಲೆಕ್ಕ ಅಂತ ನಾನು ಯಾವತ್ತೋ ಹೇಳಿದ್ದೆ.

ದೊಡ್ಡಪ್ಪ: ಈ ಗುಂಪಿನಲ್ಲಿ ಮಕ್ಕಳಿದ್ದಾರೆ. ಜೂಜಿನ ಮಾತು ಬೇಡ ಅಳಿಯಂದಿರೇ. ಧರ್ಮರಾಯನಂಥವನೇ ಎಲ್ಲ ಕಳೆದುಕೊಂಡ.

ಅಕ್ಕ: ರೀ, ಇದನ್ನು ಬರೆದವರು ಯಾರು?

ಭಾವ: ಆಫೀಸ್ ಗುಂಪಿನಲ್ಲಿ ಬಂತು.

ಅಕ್ಕ: ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಬರೆದವರು ಯಾರು?

ನಾನು: ಎಣಿಸುವ ಕ್ರಮ ಸರಿ ಇದೆ ಅಕ್ಕಾ. ಹೈ-ಲೋ ಅನ್ನುತ್ತಾರೆ. ಸಣ್ಣ ಎಲೆ ಹೋಗಿ ದೊಡ್ಡವು ಉಳಿದಷ್ಟೂ ಆಡುವವರಿಗೆ ಅನುಕೂಲ, ಎಣಿಕೆ ತೋರಿಸುವುದು ಅದನ್ನೇ. 1963ರಲ್ಲಿ ಹಾರ್ವೆ ಡಬ್ನರ್ ಮುಂದಿಟ್ಟಿದ್ದು. ಅದಕ್ಕೆ ಒಂದು ವರ್ಷ ಮೊದಲು ಎಡ್ವರ್ಡ್ ಥಾರ್ಪ್ ಎಲೆ ಎಣಿಸುವ ಬಗ್ಗೆ ಪುಸ್ತಕವನ್ನೇ ಬರೆದಿದ್ದರು. ತಪ್ಪಿರುವುದು ಕೊನೆ ಸಾಲು. ಬಂದ ಎಣಿಕೆಯನ್ನು ಇನ್ನೂ ಹಂಚದೆ ಉಳಿದ ಕಟ್ಟುಗಳಿಂದ ಭಾಗಿಸಬೇಕು. ಆರು ಕಟ್ಟಿನ ಆಟದಲ್ಲಿ ಐದು ಕಟ್ಟು ಉಳಿದಿದ್ದರೆ ನಿಮ್ಮ 6 ಬರೀ 1.2. ಎರಡು ಉಳಿದಿದ್ದರೆ 3. ಒಂದೇ ಕಟ್ಟಿನ ಆಟದಲ್ಲಿ ಅರ್ಧ ಉಳಿದಿದ್ದರೆ ಅದೇ 6 ಹೋಗಿ 12 ಆಗುತ್ತದೆ!

ಭಾವ: ಆರು ಅಂದರೆ ಆರೇ ಅಲ್ವಾ?

ನಾನು: ಅಲ್ಲ ಭಾವ. ಒಂದು ಕಟ್ಟಿನಲ್ಲಿ ನಾಲ್ಕೇ 5 ಇರುತ್ತವೆ. ಒಂದು ಬಿದ್ದರೆ ಕಾಲು ಭಾಗ ಹೋಯಿತು. ಆರು ಕಟ್ಟು ಅಂದರೆ 312 ಎಲೆ, 24 ಐದುಗಳು. ಅಲ್ಲಿ ಒಂದು ಹೋದರೆ ಏನೂ ಆಗಿಲ್ಲ ಅನ್ನುವಷ್ಟು ಕಡಿಮೆ. ಭಾಗಿಸಿದಾಗ ಬರುವ ಪ್ರತಿ 1ಕ್ಕೆ ಆಟ ನಮ್ಮ ಕಡೆ ಸುಮಾರು ಅರ್ಧ ಶೇಕಡಾ ವಾಲುತ್ತದೆ. ಎಷ್ಟೇ ಸರಿಯಾಗಿ ಆಡಿದರೂ ಶುರುವಿನಲ್ಲಿ ಹೆಚ್ಚುಕಡಿಮೆ ಅಷ್ಟು ಕ್ಯಾಸಿನೋ ಕಡೆಗಿರುತ್ತದೆ. 1.2 ಬಂದರೆ ಇಬ್ಬರೂ ಹತ್ತಿರ ಹತ್ತಿರ ಸಮ. ಅಲ್ಲಿ ಹಣ ಸುರಿದರೆ ಹೇಗೆ? ‘ಖಚಿತ’ ಅನ್ನುವ ಮಾತು 12ಕ್ಕೂ ಸಲ್ಲುವುದಿಲ್ಲ.

ಭಾವ: ನಾನು ಏನು ಹಾಕಿದರೂ ತಪ್ಪು ಹುಡುಕುತ್ತೀಯ. ಬ್ಯಾಟರಿ ವಿಷಯದಲ್ಲೂ ಹೀಗೇ ಮಾಡಿದೆ.

ಅಕ್ಕ: ಬ್ಯಾಟರಿ ವಿಷಯದಲ್ಲೂ ಅವನು ಹೇಳಿದ್ದೇ ಸರಿ ಇತ್ತು.

ತಮ್ಮ: ಭಾಗಾಕಾರ ಕಷ್ಟ ಅಂದರೆ ಕೆ-ಓ ಪದ್ಧತಿ ಇದೆ ಭಾವ. ಅಲ್ಲಿ 7ಕ್ಕೂ ಒಂದು ಕೂಡಿಸಬೇಕು. ಕಟ್ಟಿನ ಲೆಕ್ಕ ಶುರುವಿನಲ್ಲೇ ಮುಗಿಯುತ್ತದೆ. ಒಂದು ಕಟ್ಟಾದರೆ ಸೊನ್ನೆಯಿಂದ ಶುರು. ಎರಡಕ್ಕೆ ಮೈನಸ್ 4, ಆರಕ್ಕೆ ಮೈನಸ್ 20, ಎಂಟಕ್ಕೆ ಮೈನಸ್ 28. ಎಲ್ಲಾ ಎಲೆ ಮುಗಿದಾಗ 4ಕ್ಕೇ ಬಂದು ನಿಲ್ಲುತ್ತದೆ.

ದೊಡ್ಡಪ್ಪ: ಪರೀಕ್ಷೆಗೆ ಇಷ್ಟು ಓದಿದ್ದರೆ ಚೆನ್ನಾಗಿತ್ತು.

ತಮ್ಮ: ಅದೆಲ್ಲಾ ಮುಗಿದು ಹತ್ತು ವರ್ಷ ಆಯಿತು ದೊಡ್ಡಪ್ಪ.

ಅತ್ತೆ: ಎಲೆ ಅಂದ ಕೂಡಲೇ ಅಪ್ಪನ ನೆನಪಾಯಿತು. ಕರೆಂಟ್ ಹೋದ ರಾತ್ರಿ ಲಾಟೀನು ಮಧ್ಯೆ ಇಟ್ಟು ನಮ್ಮನ್ನು ಆಟಕ್ಕೆ ಕೂರಿಸುತ್ತಿದ್ದರು. ಯಾರ ಕೈಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಆ ಕಟ್ಟು ಇನ್ನೂ ನನ್ನ ಹತ್ತಿರ ಇದೆ. ಮೂಲೆಗಳೆಲ್ಲ ಮೆತ್ತಗಾಗಿವೆ.

ದೊಡ್ಡಪ್ಪ: ಅದರಲ್ಲಿ ಇಸ್ಪೀಟ್ ರಾಣಿ ಇಲ್ಲ. ನೀನೇ ಕಳೆದದ್ದು.

ಅತ್ತೆ: ಅಣ್ಣಾ, ನಲವತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೀರಿ. ಅವತ್ತು ಅಪ್ಪನ ಕೈಲಿ ಬೈಸಿಕೊಂಡದ್ದು ನಾನು.

ಅಕ್ಕ: ಬರೆದವರು ಯಾರು ಅಂತ ಇನ್ನೂ ಗೊತ್ತಾಗಲಿಲ್ಲ.

ಭಾವ: ಎಲ್ಲರೂ ನನ್ನ ಮೇಲೇ ಬೀಳಿ. ಆ ಕೆ-ಓ ಯಾರು ಮಾಡಿದ್ದು ಅಂತ ಯಾರೂ ಕೇಳಲಿಲ್ಲ.

ಅತ್ತೆ: ಈಗ ಆ ಕಟ್ಟು ತೆಗೆದು ಅಳಿಯಂದಿರು ಹಾಕಿದ ಹಾಗೆ ಎಣಿಸಿದೆ. ಕೊನೆಗೆ 1 ಉಳಿಯಿತು. ಎರಡನೇ ಸಲವೂ ಅಷ್ಟೇ ಬಂತು. ನನ್ನ ಲೆಕ್ಕ ತಪ್ಪಾ?

ನಾನು: ಇಲ್ಲ ಅತ್ತೆ, ಸರಿಯಾಗಿ ಎಣಿಸಿದ್ದೀರಿ! ಪೂರ್ತಿ ಕಟ್ಟಿನಲ್ಲಿ ಕೂಡಿಸುವ ಎಲೆ 20, ಕಳೆಯುವ ಎಲೆಯೂ 20. ಸೊನ್ನೆಗೆ ಬರಬೇಕು. 1 ಉಳಿಯಿತು ಅಂದರೆ ಕಳೆಯಬೇಕಿದ್ದ ಒಂದು ಎಲೆ ಇಲ್ಲ. ಅದು ರಾಣಿಯದೇ.

ಭಾವ: ನೋಡಿದಿರಾ? ನನ್ನ ಮೆಸೇಜ್ ಸರಿ!

ದೊಡ್ಡಪ್ಪ: ಮುಂದಿನ ಸಲ ಎಲ್ಲರೂ ಸೇರಿದಾಗ ಆ ಕಟ್ಟು ತೆಗೆದುಕೊಂಡು ಬಾ. ನೋಡಬೇಕು ಅನ್ನಿಸುತ್ತಿದೆ.

ಅತ್ತೆ: ತರುತ್ತೇನೆ. ಮೊದಲು ರಾಣಿಯನ್ನು ಕಳೆದದ್ದು ನಾನಲ್ಲ ಅಂತ ಇಲ್ಲಿ ಬರೆಯಿರಿ ಅಣ್ಣಾ. ಎಲ್ಲರೂ ಓದಲಿ.

ದೊಡ್ಡಪ್ಪ: ನೀನು ಕಳೆದದ್ದನ್ನು ನಾನು ಕಣ್ಣಾರೆ ನೋಡಿರಲಿಲ್ಲ. ಅಪ್ಪ ಕೇಳಿದಾಗ ಹೆದರಿಕೆಯಲ್ಲಿ ನಿನ್ನ ಹೆಸರು ಹೇಳಿಬಿಟ್ಟೆ.