ಹಿಟ್ಟು ತಿಗಣೆಗೆ ಕ್ರಿಪ್ಟೊಲೀಮಸ್ ಬಿಟ್ಟರೆ ಕೋತಿಮುಖದ ಚಿಟ್ಟೆ ಉಳಿಯುತ್ತಾ?

ದಿಲ್‌ಖುಷ್ ಚಪ್ಪರ
ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ಕಡೆ ನಮ್ಮದು ಒಂದೂವರೆ ಎಕರೆ ದ್ರಾಕ್ಷಿ. ಕಾಯಿ ಮೆತ್ತಗಾಗುವ ಹೊತ್ತಿಗೆ ಸರಿಯಾಗಿ ರಸ ಹೀರುವ ಹಿಟ್ಟು ತಿಗಣೆ ಹತ್ತಿಕೊಂಡಿದೆ. ಗೊಂಚಲೆಲ್ಲ ಅಂಟಂಟು, ಅದರ ಮೇಲೆ ಕಪ್ಪು ಮಸಿ. ಕೊಯ್ಲು ಹತ್ತಿರ ಇದೆ, ಔಷಧಿ ಹೊಡೆಯಲು ಮನಸ್ಸಿಲ್ಲ. ತಿಗಣೆ ತಿನ್ನುವ, ಆಸ್ಟ್ರೇಲಿಯಾ ಮೂಲದ ಕ್ರಿಪ್ಟೊಲೀಮಸ್ ಗುಲಗಂಜಿ ಹುಳ ತಂದು ಬಿಡಿ ಅಂತ ಸಿಕ್ಕವರೆಲ್ಲ ಹೇಳುತ್ತಾರೆ.

ನನ್ನ ಯೋಚನೆ ಬೇರೆ. ತಿಗಣೆ ಗುಂಪಿನ ಮಧ್ಯೆ ಚಪ್ಪಟೆ ಮರಿಹುಳಗಳು ಕಂಡವು. ತಿಗಣೆಯ ಹಿಟ್ಟನ್ನೇ ಬೆನ್ನಿಗೆ ಹೊದ್ದುಕೊಂಡು ತಿಗಣೆಯನ್ನೇ ತಿನ್ನುತ್ತಿವೆ! ಪಕ್ಕದ ಎಲೆ ಮೇಲೆ ಅದರ ಕೋಶ, ಬಟಾಣಿಗಿಂತ ಸಣ್ಣದು, ಥೇಟ್ ಕೋತಿ ಮುಖ. ಕಣ್ಣು, ಮೂಗು ಎಲ್ಲ ಇದೆ. ನಮ್ಮತ್ತೆ ನೋಡಿ ಕೈ ಮುಗಿದುಬಿಟ್ಟರು. ಹುಡುಕಿದಾಗ ಸ್ಪಾಲ್ಗಿಸ್ ಅನ್ನುವ ಇಲ್ಲಿಯದೇ ಚಿಟ್ಟೆ ಅಂತ ಗೊತ್ತಾಯಿತು. ಆಸ್ಟ್ರೇಲಿಯಾದ ಹುಳ ತಂದು ಸುರಿದರೆ ಇವುಗಳ ಗತಿ ಏನು? ತಿಗಣೆ ಮುಗಿದ ಮೇಲೆ ಆ ಹುಳ ಏನು ತಿನ್ನುತ್ತದೆ?

ಹಳೇ ತೋಟಗಾರ
ಅಮ್ಮಾ, ಆ ಹುಳ ಬಂದು ಕಾಲವಾಯಿತು. 1898ರಲ್ಲೇ ಕಾಫಿಯ ಹಸಿರು ಶಲ್ಕ ಕೀಟಕ್ಕೆ ಅಂತ ತಂದರು. ಆ ಕೆಲಸ ಆಗಲಿಲ್ಲ, ಆದರೆ ಹಿಟ್ಟು ತಿಗಣೆ ಮೇಲೆ ಇಲ್ಲೇ ನೆಲೆಯೂರಿತು. ನಿಮ್ಮ ತೋಟದಲ್ಲೂ ಇರಬಹುದು, ಕೊಳ್ಳುವ ಮೊದಲು ನೋಡಿ. ಗುಲಗಂಜಿ ಹುಳದ ಮರಿಗೆ ಉದ್ದುದ್ದ ಬಿಳಿ ಎಳೆ ಇರುತ್ತದೆ, ತಿಗಣೆಗಿಂತ ದೊಡ್ಡದು, ಚುರುಕು. ದೊಡ್ಡ ತಿಗಣೆ ಅಂದುಕೊಂಡು ಜನ ಇದನ್ನೇ ಹೊಸಕಿ ಹಾಕುತ್ತಾರೆ.

ಹುಳದ ಹುಚ್ಚ
ನೂರು ವರ್ಷದಿಂದ ಇದೆ ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅಂತಲ್ಲ, ಅಲ್ವಾ ಸರ್? ದಕ್ಷಿಣ ಆಫ್ರಿಕಾದಲ್ಲಿ ಪಾಪಸುಕಳ್ಳಿ ತಿನ್ನಲಿ ಅಂತ ಬಿಟ್ಟಿದ್ದ ಕೊಚಿನೀಲ್ ಕೀಟವನ್ನು ಇದೇ ಕ್ರಿಪ್ಟೊಲೀಮಸ್ ತಿಂದು ಕೆಲಸ ಕೆಡಿಸಿತು. ಇದಕ್ಕೆ ಒಂದೇ ಜಾತಿಯ ತಿಗಣೆ ಆಗಬೇಕು ಅಂತಿಲ್ಲ. 2010ರಲ್ಲಿ ಪಪ್ಪಾಯ ಹಿಟ್ಟು ತಿಗಣೆಗೆ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ತಂದ ಸಣ್ಣ ಕಣಜದ ಕಥೆ ಬೇರೆ. ಬೇರೆ ಕೀಟಗಳಿಗೆ ತೊಂದರೆ ಕೊಡುತ್ತದಾ ಅಂತ ಮುಚ್ಚಿದ ಕೋಣೆಯಲ್ಲಿ ಪರೀಕ್ಷೆ ಮಾಡಿಯೇ ಅದನ್ನು ಹೊರಗೆ ಬಿಟ್ಟರು.

ಅಕ್ಕ, ನಿಮ್ಮ ಚಿಟ್ಟೆಗೆ ದೊಡ್ಡ ಕಷ್ಟ ಊಟದ್ದು. ಇಬ್ಬರಿಗೂ ಒಂದೇ ತಟ್ಟೆ. ತಿಗಣೆ ಖಾಲಿಯಾದರೆ ಕ್ರಿಪ್ಟೊಲೀಮಸ್ ತನ್ನ ಮೊಟ್ಟೆಯನ್ನೇ ತಿನ್ನದೆ ಬಿಡುವುದಿಲ್ಲ, ಇನ್ನೊಬ್ಬರದ್ದನ್ನು ಬಿಡುತ್ತಾ? ಹಾಗಂತ ಔಷಧಿ ಹೊಡೆದರೆ ಎರಡೂ ಸಾಯುತ್ತವೆ, ಅದಕ್ಕಿಂತ ಇದು ವಾಸಿ. ತೋಟಕ್ಕೆಲ್ಲ ಬಿಡಬೇಡಿ. ತಿಗಣೆ ಜಾಸ್ತಿ ಇರುವ ಬಳ್ಳಿಗಳಿಗೆ ಮಾತ್ರ ಬಿಡಿ. ಕೋತಿಮುಖ ಇರುವ ಬಳ್ಳಿ ಹಾಗೇ ಇರಲಿ.

ನಂದಿ ಕಡೆಯವ
ಇರುವೆ ಇದ್ದರೆ ಹುಳ ಬಿಟ್ಟೂ ಸುಖವಿಲ್ಲ. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದಕ್ಕೆ ಕಾವಲು ಕೂತು ಗುಲಗಂಜಿ ಹುಳವನ್ನು ಅಟ್ಟುತ್ತವೆ. ಮೊದಲು ಸಡಿಲ ತೊಗಟೆ ಸುಲಿದು ಸುಟ್ಟುಹಾಕಿ, ತಿಗಣೆ ಅವಿತುಕೊಳ್ಳುವುದೇ ಅಲ್ಲಿ.

ದಿಲ್‌ಖುಷ್ ಚಪ್ಪರ
ಎಲ್ಲರಿಗೂ ಥ್ಯಾಂಕ್ಸ್. ಕೋಶ ಇರುವ ಬಳ್ಳಿಗಳಿಗೆ ಕೆಂಪು ದಾರ ಕಟ್ಟಿದ್ದೇನೆ, ಅವನ್ನು ಬಿಟ್ಟು ಕೆಳಗಿನ ಎರಡು ಸಾಲಿಗೆ ಮಾತ್ರ ಹುಳ ತರಿಸುತ್ತೇನೆ. ಇರುವೆಗೆ ಕಾಂಡಕ್ಕೆ ಗ್ರೀಸ್ ಬಳಿದರೆ ಸಾಕಾ?

ನಂದಿ ಕಡೆಯವ
ನೇರ ಬಳಿಯಬೇಡಿ ಅಕ್ಕ, ತೊಗಟೆ ಕೆಡುತ್ತದೆ. ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಬಳಿಯಿರಿ. ಚಪ್ಪರದ ಕಲ್ಲುಕಂಬ ಮರೆಯಬೇಡಿ, ಅಲ್ಲಿಂದಲೂ ಹತ್ತುತ್ತವೆ.