ಡಾಲ್ಫಿನ್ ‘ವನ್ಯ’ಜೀವಿಯೇ?

ಎಲ್ಲರಿಗೂ ನಮಸ್ಕಾರ.

ಕಾರವಾರದಲ್ಲಿ ದೋಣಿ ಓಡಿಸುವ ಪರಿಚಯದವರೊಬ್ಬರಿಗೆ ಫಲಕ ಬರೆದುಕೊಡುವ ಕೆಲಸ ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ‘ಲಂಗರು ಹಾಕಿದ ದೋಣಿಯಿಂದ ವನ್ಯಜೀವಿ ವೀಕ್ಷಣೆ’ ಎಂದು ಬರೆದು ತೋರಿಸಿದೆ. “ಇಲ್ಲಿ ಕಾಡೆಲ್ಲಿದೆ ಸರ್?” ಅಂದರು.

ಅವರು ಕೇಳಿದ್ದು ಸರಿಯೇ. ಕಾಳಿ ನದಿಯ ಅಳಿವೆ ದಾಟಿ ಎಂಜಿನ್ ನಿಲ್ಲಿಸಿ ಲಂಗರು ಬಿಟ್ಟಿದ್ದರು. ಹಗ್ಗ ಬಿಗಿದು, ಇಳಿತದ ಸೆಳೆತಕ್ಕೆ ದೋಣಿ ನಿಧಾನವಾಗಿ ನದಿಯ ಕಡೆ ಮೂತಿ ತಿರುಗಿಸಿ ನಿಂತಿತು. ಮೊದಲು ಬಂದದ್ದು ಸದ್ದು: ಬೆನ್ನ ಹಿಂದೆ ‘ಫುಸ್’ ಎಂಬ ಉಸಿರು. ತಿರುಗುವಷ್ಟರಲ್ಲಿ ಬೂದು ಬಣ್ಣದ ಗೂನು ಬೆನ್ನೊಂದು ನೀರಲ್ಲಿ ಇಳಿದು ಹೋಗುತ್ತಿತ್ತು. ಎಂಜಿನ್ ಓಡುತ್ತಿದ್ದರೆ ಆ ಉಸಿರು ಕೇಳುವುದೇ ಇಲ್ಲ. ಇದನ್ನು ‘ವನ್ಯ’ ಎನ್ನಲು ನನಗೂ ನಾಲಗೆ ತಡವರಿಸಿತು.

ಮನೆಗೆ ಬಂದು ಅಮರಕೋಶ ತೆರೆದರೆ ಬೇರೆಯೇ ಕಥೆ. ನೀರಿನ ಪರ್ಯಾಯ ಪದಗಳ ಸಾಲಿನಲ್ಲಿ ‘ಜೀವನಂ ಭುವನಂ ವನಂ’ ಎಂದಿದೆ. ವನ ಎಂದರೆ ನೀರೂ ಹೌದು! ವನಜ ಎಂದರೆ ತಾವರೆ ಆದದ್ದು, ವನಧಿ ಎಂದರೆ ಕಡಲಾದದ್ದು ಹೀಗೆ. ನಮ್ಮ ಬೀದಿಯ ವನಜಾಕ್ಷಮ್ಮನವರ ಕಣ್ಣೂ ಕಾಡಿನದಲ್ಲ, ಕೊಳದ್ದು. ಹಾಗಾಗಿ ಡಾಲ್ಫಿನ್ನನ್ನು ವನ್ಯಜೀವಿ ಎನ್ನಲು ಅಡ್ಡಿಯಿಲ್ಲ ಎಂದು ವಾದಿಸಬಹುದು. ಆದರೆ ಈ ವಾದ ಪಂಡಿತರ ಜಾಣತನವೇ ಹೊರತು ಬಳಕೆಯಲ್ಲ. ಇಂದು ವನ ಅಂದರೆ ಮರಗಳೇ ಕಣ್ಣಿಗೆ ಬರುವುದು. ಇನ್ನೊಂದು ಕಡೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಡಾಲ್ಫಿನ್ ಸೇರಿದೆ, 2001ರಲ್ಲಿ ತಿಮಿಂಗಿಲ ಶಾರ್ಕೂ ಸೇರಿತು. ಸರ್ಕಾರಿ ಕನ್ನಡದಲ್ಲಿ ಪದದ ಹರವು ಆಗಲೇ ಕಡಲಿಗಿಳಿದಿದೆ.

‘ಕಡಲಜೀವಿ’ ಎಂದರೆ ಸುಲಭ. ಆದರೆ ಅದರೊಳಗೆ ಬಂಗುಡೆ, ಬೂತಾಯಿ ಎಲ್ಲ ಬರುತ್ತವೆ. ಬಿಳಿಹೊಟ್ಟೆಯ ಕಡಲ ಹದ್ದು, ರೀವ ಹಕ್ಕಿ, ಅಳಿವೆಯ ನೀರುನಾಯಿ ಹೊರಗೆ ಉಳಿಯುತ್ತವೆ. ಬಂಗುಡೆ ನೋಡಲು ದುಡ್ಡು ಕೊಟ್ಟು ದೋಣಿ ಹತ್ತುವವರು ಯಾರು?

ಜೊತೆಗೊಂದು ಉಪಪ್ರಶ್ನೆ. ಲಂಗರು ಪಾರ್ಸಿಯಿಂದ ಬಂದದ್ದು. ಮರಾಠಿಯಲ್ಲಿ ಲಂಗರಿಗೆ ‘ನಾಂಗರ’ ಎನ್ನುತ್ತಾರೆ, ನೇಗಿಲಿಗೂ ಅದೇ ಮಾತು. ಮಣ್ಣು ಕಚ್ಚುವ ಕೆಲಸ ಎರಡಕ್ಕೂ ಒಂದೇ, ನನಗಂತೂ ಹಿಡಿಸಿತು. ತಮಿಳಿನ ನಂಗೂರಂ ಇದಕ್ಕೆ ಹತ್ತಿರವೇ?

ಹೊನ್ನಾವರ, ಕುಂದಾಪುರ, ಮಲ್ಪೆ ಕಡೆಯವರು ಹೇಳಿ: ಬಲೆಗೆ ಬೇಡದ, ಕಣ್ಣಿಗಷ್ಟೇ ಬೇಕಾದ ಈ ಪ್ರಾಣಿಗಳಿಗೆಲ್ಲ ಸೇರಿಸಿ ನಿಮ್ಮಲ್ಲಿ ಒಂದು ಮಾತಿದೆಯೇ? ನನಗೆ ತೋಚಿದ್ದು ‘ಕಡಲಂಚಿನ ಜೀವಿಗಳು’. ಸ್ವಲ್ಪ ಸಪ್ಪೆ. ಪೇಂಟರು ಶನಿವಾರ ಬರುತ್ತಾರೆ, ಅದಕ್ಕೆ ಮೊದಲು ತಿಳಿಸಿದರೆ ಉಪಕಾರ.